ಅತ್ತೆಯ ಕಲಿವಿ, ನನ್ನ ಕವಳೆ

ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಯಾರ ಹುಟ್ಟುಹಬ್ಬವಾದರೂ ಕೇಕಿನ ಮೇಲಿನ ಕೆಂಪು ಚೆರ್ರಿಗಳೆಲ್ಲ ನನ್ನ ತಟ್ಟೆಗೆ ಬಂದು ಬೀಳುತ್ತವೆ. ಇದು ನನ್ನ ಹಿರಿತನಕ್ಕೆ ಕೊಡುವ ಮರ್ಯಾದೆ ಅಂದುಕೊಳ್ಳಬೇಡಿ. ರಬ್ಬರಿನಂತೆ ಅಗಿಯಬೇಕಾದ ಆ ಪದಾರ್ಥವನ್ನು ಬೇರೆ ಯಾರೂ ತಿನ್ನುವುದಿಲ್ಲ, ಅಷ್ಟೆ. ನಾನು ಒಂದೊಂದನ್ನೇ ಬೆರಳಲ್ಲಿ ಹಿಡಿದು, ಬೆಳಕಿಗೆ ತಿರುಗಿಸಿ, "ಇದು ಚೆರ್ರಿ ಅಲ್ಲ ಕಣ್ರಮ್ಮ, ಕರಂಡೆ ಕಾಯಿ. ಬಣ್ಣ ಬಳಿದು, ಸಕ್ಕರೇಲಿ ಮುಳುಗಿಸಿ ವೇಷ ಕಟ್ಟಿದ್ದಾರೆ. ನಮ್ಮ ಕವಳೆ ಹಣ್ಣಿಗೆ ಇದು ದೊಡ್ಡಪ್ಪನ ಮಗ ಆಗ್ಬೇಕು" ಎಂದು ಹೇಳಿಯೇ ಬಾಯಿಗೆ ಹಾಕಿಕೊಳ್ಳುವುದು. ಇಪ್ಪತ್ತು ಚಿಲ್ಲರೆ ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿದವಳಿಗೆ ತಿನ್ನುವ ಮೊದಲು ಪಾಠ ಮಾಡುವ ರೋಗ ಅಂಟಿಕೊಂಡಿರುತ್ತದೆ.

ಮೊನ್ನೆ ಹೀಗೆ ಪಾಠ ನಡೆದಾಗ, ಶಿಡ್ಲಘಟ್ಟದ ಕಡೆಯಿಂದ ಹೊಸದಾಗಿ ಬಂದ ಗಣಿತದ ಟೀಚರು ಮೊಬೈಲಿನಲ್ಲಿ ಕವಳೆಯ ಚಿತ್ರ ಹುಡುಕಿ ತೆಗೆದಳು. ನೋಡುತ್ತ ನೋಡುತ್ತ ಅವಳ ಮುಖ ಸಣ್ಣಗಾಯಿತು. "ಮೇಡಂ, ಇದು ನಮ್ಮ ಹಿಪ್ಪುನೇರಳೆ ತೋಟದ ಬೇಲೀಲೇ ಇತ್ತು. ಮುಳ್ಳು ಗಿಡ ಅಂತ ನಾನೇ ಹೇಳಿ ಜೆಸಿಬಿ ತರಿಸಿ ಕೀಳಿಸ್ಬಿಟ್ಟೆ" ಎಂದಳು. ನಾನು ಅವಳನ್ನು ಬೈಯಲಿಲ್ಲ. ನಾನೇ ಮೂರು ಕವಳೆ ಗಿಡಗಳನ್ನು ಪ್ರೀತಿಯಿಂದ, ಪುಸ್ತಕ ನೋಡಿಕೊಂಡು ಕೊಂದವಳು. ಹಾಗೆ ನೋಡಿದರೆ ಅವಳ ಜೆಸಿಬಿಯೇ ವಾಸಿ. ಒಂದೇ ಏಟಿಗೆ ಮುಗಿಸಿತು.

ನೀವು ನಮ್ಮ ಕಡೆಯವರಾಗಿದ್ದರೆ ಕವಳೆಯನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ. ಅಲ್ಲದಿದ್ದರೆ ಕೇಳಿ. ಬಂಡೆಗಳ ಸಂದಿಯಲ್ಲಿ, ಯಾರೂ ಬಿತ್ತದೆ, ಯಾರೂ ನೀರು ಹಾಕದೆ ಬೆಳೆಯುವ ಮುಳ್ಳಿನ ಪೊದೆ ಅದು. ಬೇಸಿಗೆಯಲ್ಲಿ ಮಲ್ಲಿಗೆಯಂಥ ಬಿಳಿ ಹೂ. ಮುಂಗಾರಿನ ಮೊದಲ ಮಳೆ ಬೀಳುವ ಹೊತ್ತಿಗೆ ಹಸಿರು ಕಾಯಿ ಕೆಂಪಾಗಿ, ಕೆಂಪು ಕಪ್ಪಾಗಿ, ಕಡಲೆಕಾಳಿಗಿಂತ ಒಂದಿಷ್ಟು ದೊಡ್ಡದಾದ ಹಣ್ಣು ಗೊಂಚಲು ಗೊಂಚಲಾಗಿ ತೂಗುತ್ತದೆ. ತೊಟ್ಟು ಮುರಿದರೆ ಹಾಲು. ಹತ್ತು ಹಣ್ಣು ತಿಂದರೆ ತುಟಿಗೆ ತುಟಿ ಅಂಟುತ್ತದೆ. ಇಪ್ಪತ್ತು ತಿಂದರೆ ಮನೆಯಲ್ಲಿ ಎಲ್ಲಿಗೆ ಹೋಗಿದ್ದೆ ಎಂದು ಕೇಳಿದಾಗ ಸುಳ್ಳು ಹೇಳಲು ನಾಲಿಗೆಯೇ ಬಿಡುವುದಿಲ್ಲ, ಅದರ ಬಣ್ಣ ಹಾಗಾಗಿರುತ್ತದೆ.

ನನ್ನ ತವರು ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿ. ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರು. ಹುಳು ಕೊನೆಯ ಜ್ವರ ಎದ್ದು, ಅಂದರೆ ಕೊನೆಯ ಸಲ ಪೊರೆ ಕಳಚಿ, ಹಗಲೂ ರಾತ್ರಿ ಸೊಪ್ಪು ತಿನ್ನುವ ಆ ಒಂದು ವಾರ, ದೊಡ್ಡವರಿಗೆ ಮಕ್ಕಳು ಬದುಕಿದ್ದಾರೋ ಇಲ್ಲವೋ ನೋಡಲೂ ಪುರಸೊತ್ತಿರುವುದಿಲ್ಲ. ನಮ್ಮ ಕವಳೆ ಯಾತ್ರೆಗಳೆಲ್ಲ ಆ ವಾರವೇ. ಒಂದು ವರ್ಷ ಶಾಲೆ ಶುರುವಾದ ಮೊದಲನೆಯ ದಿನವೇ, ಹೊಸ ಯೂನಿಫಾರಮ್ಮಿನ ಬಿಳಿ ಅಂಗಿಯ ಮಡಿಲಲ್ಲಿ ಹಣ್ಣು ತುಂಬಿಕೊಂಡು ಗುಡ್ಡದಿಂದ ಓಡಿ ಬಂದೆ. ಅಮ್ಮ ಸುಣ್ಣ ಹಚ್ಚಿದಳು, ನಿಂಬೆಹಣ್ಣು ಉಜ್ಜಿದಳು, ಕೊನೆಗೆ ನನ್ನ ಬೆನ್ನನ್ನೂ ಉಜ್ಜಿದಳು. ಕಲೆ ಹೋಗಲಿಲ್ಲ. ಆ ವರ್ಷವಿಡೀ ಹೊಟ್ಟೆಯ ಮೇಲೆ ನೇರಳೆ ಬಣ್ಣದ ಒಂದು ಭೂಪಟ ಹೊತ್ತು ಶಾಲೆಗೆ ಹೋದೆ. ಸಮಾಜದ ಮೇಷ್ಟ್ರು ಒಮ್ಮೆ ಕಡ್ಡಿ ಹಿಡಿದು, "ಎದ್ದು ನಿಂತ್ಕೊಳಮ್ಮ, ಶ್ರೀಲಂಕಾ ಎಲ್ಲಿ ಬರ್ತದೆ ತೋರಿಸ್ತೀನಿ" ಎಂದಿದ್ದರು.

ಚಿಕ್ಕಬಳ್ಳಾಪುರದಲ್ಲಿ ನಾವು ಮನೆ ಕಟ್ಟಿ, ಕಾಂಪೌಂಡಿನ ಒಳಗೆ ಒಂದಿಷ್ಟು ಬರಿನೆಲ ಉಳಿದಾಗ, ನನಗೆ ಮೊದಲು ನೆನಪಾದದ್ದು ಈ ಗಿಡ. ಆದರೆ ಆ ನೆಲಕ್ಕೆ ಆಗಲೇ ಒಬ್ಬರು ಒಡೆಯರಿದ್ದರು. ನಮ್ಮ ಅತ್ತೆ, ವೆಂಕಟಲಕ್ಷ್ಮಮ್ಮ. ಗೌರಿಬಿದನೂರಿನ ಆಚೆ, ನಗರಗೆರೆ ಪಕ್ಕದ ಹಳ್ಳಿಯಲ್ಲಿ ಹುಟ್ಟಿ ಬೆಳೆದವರು. ಸಿಟ್ಟು ಬಂದರೆ ತೆಲುಗು, ಬಹಳ ಸಿಟ್ಟು ಬಂದರೆ ಮೌನ. ಕನಕಾಂಬರ, ದೊಡ್ಡಪತ್ರೆ, ನಾಟಿ ಗುಲಾಬಿ, ಒಂದು ಕರಿಬೇವು, ಇವಿಷ್ಟನ್ನು ಅವರು ಆ ಜಾಗದಲ್ಲಿ ಒಂದಕ್ಕೊಂದು ಮೈ ತಾಗದಂತೆ ಕೂರಿಸಿದ್ದರು.

ನಾನು ಕವಳೆಯ ಮಾತೆತ್ತಿದಾಗ ಅವರು, "ಮುಳ್ಳಿನ ಗಿಡ ಮನೆ ಮುಂದೆ ಹಾಕಿದ್ರೆ ಮನೇಲಿ ಜಗಳ ಆಗ್ತದೆ" ಎಂದರು.

"ಗುಲಾಬೀಲೂ ಮುಳ್ಳಿದೆಯಲ್ಲ ಅತ್ತೆ" ಎಂದೆ.

"ನೋಡು, ಶುರುವಾಯ್ತು" ಎಂದರು.

ಮೊದಲನೆಯ ಗಿಡವನ್ನು ಕೆಂಚಾರ್ಲಹಳ್ಳಿಯ ನಮ್ಮ ಅಣ್ಣನ ಹೊಲದ ಬದುವಿನಿಂದ ಹಾರೆಯಲ್ಲಿ ಮೀಟಿ, ಗೋಣಿತಾಟಿನಲ್ಲಿ ಸುತ್ತಿ ಬಸ್ಸಿನಲ್ಲಿ ತಂದೆ. ದಾರಿಯಲ್ಲಿ ಅದು ಪಕ್ಕದ ಸೀಟಿನ ಹೆಂಗಸಿನ ಸೀರೆ ಹಿಡಿದುಕೊಂಡು, ಅವರು ಇಳಿಯಬೇಕಾದ ಸ್ಟಾಪಿನಲ್ಲಿ ಇಳಿಯಲು ಬಿಡಲಿಲ್ಲ. ಮನೆಗೆ ತಂದು ಎರೆಗೊಬ್ಬರ, ಬೇವಿನ ಹಿಂಡಿ, ಕೆಮ್ಮಣ್ಣು ಲೆಕ್ಕ ಹಾಕಿ ಬೆರೆಸಿ ನೆಟ್ಟು, ಎರಡು ಹೊತ್ತೂ ನೀರು ಹಾಕಿದೆ. ಹದಿನೈದು ದಿನಕ್ಕೆ ಸತ್ತುಹೋಯಿತು. ಎರಡನೆಯದಕ್ಕೆ ಕಡ್ಡಿ ತಂದು ಬೇರು ಬರಿಸುವ ಪುಡಿಯಲ್ಲಿ ಅದ್ದಿ ನೆಟ್ಟೆ. ಅದು ಒಂದು ತಿಂಗಳು ಹಸಿರಾಗಿಯೇ ಇತ್ತು. ನಾನು ಮಕ್ಕಳಿಗೆ ಕ್ಲಾಸಿನಲ್ಲಿ ಅದರ ವಿಷಯ ಹೇಳಿ ಬಂದ ದಿನವೇ ಒಣಗಿತು.

ಮೂರನೆಯ ಗಿಡ ತಂದಾಗ, ಹಳೆಯ ಜಾಗವೇ ಸರಿಯಿಲ್ಲವೆಂದು ತೀರ್ಮಾನಿಸಿದೆ. ಒಂದು ಭಾನುವಾರ ಬೆಳಿಗ್ಗೆ ಅತ್ತೆ ಸ್ನಾನಕ್ಕೆ ಹೋಗಿದ್ದಾಗ, ಬಿಸಿಲು ಚೆನ್ನಾಗಿ ಬೀಳುವ ಮೂಲೆಯ ಕಳೆಯನ್ನೆಲ್ಲ ಕಿತ್ತು ಗುಡ್ಡೆ ಹಾಕಿ, ಗುಂಡಿ ತೋಡಿ ಗಿಡ ನೆಟ್ಟೆ. ತಲೆಗೆ ಟವೆಲ್ ಸುತ್ತಿಕೊಂಡು ಬಂದ ಅತ್ತೆ ಗುಡ್ಡೆಯ ಮುಂದೆ ನಿಂತರು. ಬಗ್ಗಿ ಒಂದು ಎಳೆ ಗಿಡವನ್ನು ಎತ್ತಿಕೊಂಡರು. ಇನ್ನೊಂದನ್ನು ಎತ್ತಿಕೊಂಡರು. ನಾನು ಕಳೆ ಎಂದು ಕಿತ್ತದ್ದು ಕನಕಾಂಬರದ ಸಸಿಗಳು. ಅವರ ತಾಯಿಯ ಮನೆಯ ಹಿತ್ತಲಿನ ತಳಿ. ಬೀಜ ಕಾಪಾಡಿ, ವರ್ಷ ವರ್ಷವೂ ಹುಟ್ಟಿಸಿಕೊಂಡು ಬಂದದ್ದು. ದೊಡ್ಡ ಗಿಡಗಳಿಗೆ ವಯಸ್ಸಾಗಿ ಹಿಂದಿನ ತಿಂಗಳು ತೆಗೆದುಹಾಕಿದ್ದರು, ಆ ಸಸಿಗಳೇ ಉಳಿದಿದ್ದ ಸಂತಾನ. ಎರಡೆಲೆಯ ಸಸಿ ನೋಡಿ ಕುಲ ಹೇಳುವುದನ್ನು ನಾನು ಎಂಟನೆಯ ಕ್ಲಾಸಿಗೆ ಕಲಿಸುತ್ತೇನೆ.

ಅತ್ತೆ ತೆಲುಗಿನಲ್ಲೂ ಏನೂ ಅನ್ನಲಿಲ್ಲ. ಮಾರನೆಯ ದಿನ ನಾನು ಶಾಲೆಯಿಂದ ಬರುವಷ್ಟರಲ್ಲಿ ಬ್ಯಾಗು ತುಂಬಿಕೊಂಡು ಗೌರಿಬಿದನೂರಿನಲ್ಲಿರುವ ಮಗಳ ಮನೆಗೆ ಹೊರಟುಹೋಗಿದ್ದರು.

ನನ್ನ ಗಂಡ ಬೋರ್‌ವೆಲ್ ಮೋಟಾರುಗಳಿಗೆ ವೈಂಡಿಂಗ್ ಮಾಡುವ ಅಂಗಡಿ ಇಟ್ಟಿದ್ದಾರೆ. ಸುಟ್ಟ ಮೋಟಾರು ಎಂಥದಿದ್ದರೂ ಎದೆಗುಂದದ ಮನುಷ್ಯ. ಆದರೆ ಅವತ್ತು ರಾತ್ರಿ ಊಟಕ್ಕೆ ಕೂತವರು ಅಮ್ಮನ ಖಾಲಿ ಮಣೆಯನ್ನೇ ನೋಡುತ್ತಿದ್ದರು. ಎರಡು ವಾರ ಫೋನಿನಲ್ಲಿ ಮಾತಾಡಿಸಿ ಸೋತ ಮೇಲೆ, "ನಾನ್ ಕರೆದ್ರೆ ಬರಲ್ಲ ಕಣೇ. ಕಿತ್ತೋಳು ನೀನು, ನೀನೇ ಹೋಗಿ ಕರ್ಕೊಂಡ್ ಬಾ" ಎಂದರು. ಮೂರನೆಯ ಕವಳೆ ಅಷ್ಟರಲ್ಲಿ ಸತ್ತಿತ್ತು. ನೀರು ಹಾಕಲು ನನಗೆ ಮನಸ್ಸೇ ಬಂದಿರಲಿಲ್ಲ, ಹಾಕಿದ್ದರೂ ಸಾಯುತ್ತಿತ್ತು.

ಗೌರಿಬಿದನೂರಿನಲ್ಲಿ ನನ್ನ ನಾದಿನಿಯ ಮನೆ ಇರುವುದು ಎರಡನೆಯ ಮಹಡಿಯಲ್ಲಿ. ಅತ್ತೆ ಬಾಲ್ಕನಿಯಲ್ಲಿ ಕೂತು ಕೆಳಗಿನ ರಸ್ತೆ ನೋಡುತ್ತಿದ್ದರು. ಬಸ್ಸಿನಲ್ಲಿ ಮೂರು ಥರದ ಮಾತು ಸಿದ್ಧ ಮಾಡಿಕೊಂಡು ಹೋಗಿದ್ದೆ. ಅವರನ್ನು ನೋಡುತ್ತಲೇ ಮೂರೂ ಮರೆತುಹೋದವು.

"ಅತ್ತೆ, ತಪ್ಪಾಯ್ತು. ನಾನು ಕಳೆ ಅಂದ್ಕೊಂಡೆ" ಎಂದೆ.

ಅವರು ರಸ್ತೆಯಿಂದ ಕಣ್ಣು ತೆಗೆದು ನನ್ನನ್ನು ನೋಡಿದರು. ಆಮೇಲೆ, "ಸ್ಕೂಲಲ್ಲಿ ಮಕ್ಳಿಗೆ ಏನಮ್ಮ ಹೇಳ್ಕೊಡ್ತೀಯ ನೀನು?" ಎಂದು ನಿಜವಾಗಿಯೂ ತಿಳಿದುಕೊಳ್ಳಬೇಕೆನ್ನುವವರ ಹಾಗೆ ಕೇಳಿದರು. ಒಳಗೆ ಕಾಫಿ ಮಾಡುತ್ತಿದ್ದ ನಾದಿನಿ ನಗು ತಡೆಯಲಾರದೆ ಲೋಟ ಬೀಳಿಸಿದಳು.

ನನ್ನ ಕಣ್ಣಲ್ಲಿ ನೀರು ಬಂತು. ಅವರ ಅಮ್ಮನ ಕೈಯಿಂದ ಬಂದದ್ದನ್ನು ನಾನು ಮುಗಿಸಿಬಿಟ್ಟಿದ್ದೆ, ಅದನ್ನು ಯಾವ ನರ್ಸರಿಯಿಂದಲೂ ತಂದುಕೊಡಲಾಗದು. ಅತ್ತೆ ನನ್ನ ಕಣ್ಣೀರು ನೋಡಿ ಮುಖ ಅತ್ತ ತಿರುಗಿಸಿದರು. "ನಮ್ ಅಣ್ಣನ ಮನೆ ಹಿತ್ಲಾಗೆ ಇರ್ತದೆ ಬಿಡು, ಯಾವಾಗಾದ್ರೂ ಬೀಜ ತರಣ" ಎಂದರು. ಆಮೇಲೆ, "ಬತ್ತೀನಿ ನಡಿ. ಇಲ್ಲಿ ಕೈ ಇಡಾಕೆ ಒಂದು ಹಿಡಿ ಮಣ್ಣಿಲ್ಲ" ಎಂದು ಎದ್ದರು.

ವಾಪಸು ಬರುವಾಗ ಬಸ್ಸು ಮಂಚೇನಹಳ್ಳಿಯಲ್ಲಿ ನಿಂತಿತು. ಡ್ರೈವರು ಟೀ ಕುಡಿಯಲು ಇಳಿದ. ಕಿಟಕಿಯ ಕೆಳಗೆ ಒಬ್ಬಾಕೆ ಬುಟ್ಟಿ ಹೊತ್ತು ಬಂದಳು. ಬುಟ್ಟಿಯಲ್ಲಿ ಕವಳೆ. ಎಷ್ಟೋ ವರ್ಷದ ಮೇಲೆ ಕಂಡದ್ದು. ನಾನು ಕಿಟಕಿಯಿಂದ ಕೈ ಚಾಚಿ ಎರಡು ಪೊಟ್ಟಣ ತೆಗೆದುಕೊಂಡು, ಒಂದನ್ನು ಅಳುಕುತ್ತಲೇ ಅತ್ತೆಯ ಮಡಿಲಲ್ಲಿಟ್ಟೆ.

ಅವರು ಬಿಚ್ಚಿ ನೋಡಿದರು. "ಕಲಿವಿ ಪಂಡ್ಲು" ಎಂದರು, ಮೆಲ್ಲಗೆ. ಕವಳೆ ಹಣ್ಣಿಗೆ ತೆಲುಗಿನ ಹೆಸರು ಅದು.

ನಾನು ಇಷ್ಟು ದಿನ ಕವಳೆ, ಕವಳೆ ಎಂದು ಬಡಿದುಕೊಂಡದ್ದು ಅವರಿಗೆ ಯಾವುದೋ ಪುಸ್ತಕದ ಮುಳ್ಳುಗಿಡವಾಗಿ ಕೇಳಿಸಿತ್ತು. ನನ್ನ ಗಿಡಗಳು ಗುರುತು ಹಿಡಿಯುವಷ್ಟು ದಿನ ಬದುಕಿಯೂ ಇರಲಿಲ್ಲ.

"ಇದನ್ನಾ ನೀನು ಹಾಕಣ ಅಂತಿದ್ದಿದ್ದು?"

"ಹೂಂ ಅತ್ತೆ."

"ಮೊದ್ಲೇ ಹೇಳಾಕೇನಾಗಿತ್ತು?"

ಅತ್ತೆ ಪೊಟ್ಟಣದಿಂದ ಒಂದು ಹಣ್ಣನ್ನು ಎತ್ತಿ ಮುಷ್ಟಿಯಲ್ಲಿ ಮುಚ್ಚಿ, ಎಪ್ಪತ್ತು ದಾಟಿದ ಮುಖದಲ್ಲಿ ಎಲ್ಲಿಂದಲೋ ಒಂದು ತುಂಟತನ ತಂದುಕೊಂಡು, "ಪುಂಜಾ, ಪೆಟ್ಟಾ?" ಎಂದರು.

ಹುಂಜವೋ, ಹೆಣ್ಣುಕೋಳಿಯೋ ಎಂದು ಅದರರ್ಥ. ಹಣ್ಣನ್ನು ಅರ್ಧ ಕಚ್ಚಿದರೆ ಒಳಗೆ ಕೆಂಪಿದ್ದರೆ ಹುಂಜ, ಬಿಳುಪಿದ್ದರೆ ಹೆಣ್ಣು. ಕಚ್ಚುವ ಮೊದಲೇ ಹೇಳಬೇಕು. ತಪ್ಪಿದರೆ ನಮ್ಮದೊಂದು ಹಣ್ಣು ಅವರಿಗೆ. ಕೆಂಚಾರ್ಲಹಳ್ಳಿಯ ಗುಡ್ಡದ ಮೇಲೆ ನಾವು ಕನ್ನಡದಲ್ಲಿ ಆಡಿದ ಆಟವನ್ನೇ, ನನಗಿಂತ ಮೂವತ್ತು ವರ್ಷ ಮೊದಲು, ಅವರು ನಗರಗೆರೆಯ ಕಡೆ ತೆಲುಗಿನಲ್ಲಿ ಆಡಿದ್ದರು.

"ಹುಂಜ" ಎಂದೆ.

ಅತ್ತೆ ಕಚ್ಚಿ ತೋರಿಸಿದರು. ಬಿಳುಪು. "ಪೆಟ್ಟ. ತಾ ಇಲ್ಲಿ ಒಂದು."

ಚಿಕ್ಕಬಳ್ಳಾಪುರ ತಲುಪುವ ಹೊತ್ತಿಗೆ ನನ್ನ ಪೊಟ್ಟಣ ಖಾಲಿಯಾಗಿತ್ತು. ಅತ್ತೆ ಯಾವ ಹಣ್ಣು ಹುಂಜ, ಯಾವುದು ಹೆಣ್ಣು ಎಂಬುದನ್ನು ಮುಟ್ಟಿಯೇ ತಿಳಿಯುತ್ತಿದ್ದರು ಎಂದು ನನಗೆ ಇವತ್ತಿಗೂ ಗುಮಾನಿ. ಬೀಜಗಳನ್ನೆಲ್ಲ ಉಗುಳಿ ಉಗುಳಿ ಕರವಸ್ತ್ರದಲ್ಲಿ ಕಟ್ಟಿಕೊಂಡರು. "ಬೆಟ್ಟದ ಗಿಡಾನ ಕಿತ್ತು ತಂದ್ರೆ ಬದುಕ್ತದಾ? ಅದ್ರ ಬೇರು ಆಳಕ್ಕೆ ಬಂಡೆ ಸಂದೀಲಿ ಇಳಿದಿರ್ತದೆ. ನೀನು ಅರ್ಧ ಬೇರು ಅಲ್ಲೇ ಬಿಟ್ಟು ಬರೀ ಟೊಂಗೆ ತಂದಿದ್ದೀಯ. ಬೀಜ ಹಾಕ್ಬೇಕು, ಹಸಿಯಾಗೇ" ಎಂದರು. ಇದು ನನ್ನ ಪಠ್ಯಪುಸ್ತಕದಲ್ಲೇ ಇದೆ, ತಾಯಿಬೇರಿನ ಪಾಠದಲ್ಲಿ.

ಮಾರನೆಯ ದಿನ ಹಾಲಿನ ಪ್ಯಾಕೆಟ್ಟುಗಳಿಗೆ ತೂತು ಮಾಡಿ, ಮರಳು, ಜಲ್ಲಿಪುಡಿ, ಕೆಮ್ಮಣ್ಣು ತುಂಬಿ ಬೀಜ ಹಾಕಿದರು. ನಾನು ಎರೆಗೊಬ್ಬರದ ಚೀಲ ಎತ್ತಿಕೊಂಡು ಬಂದದ್ದನ್ನು ನೋಡಿ, "ಅದನ್ನ ಅಲ್ಲೇ ಇಡು" ಎಂದರು. ಮನೆ ಮುಂದಿನ ಮುಳ್ಳಿನ ವಿಷಯ ನೆನಪಿಸಿದಾಗ, "ಬಾಗಿಲ ಮುಂದೆ ಬೇಡ ಅಂದೆ, ಮೂಲೇಲಿ ಬೇಡ ಅಂದ್ನಾ?" ಎಂದು ಶಾಸ್ತ್ರವನ್ನು ಒಂದಿಷ್ಟು ಪಕ್ಕಕ್ಕೆ ಸರಿಸಿದರು.

ಮೂರು ವಾರಕ್ಕೆ ಮೊಳಕೆ ಬಂತು. ನಾನು ಬ್ಯಾಗನ್ನೂ ಇಳಿಸದೆ ದಿನಾ ಹೋಗಿ ನೋಡುತ್ತಿದ್ದೆ. "ಹಂಗೆ ನೋಡ್ತಾ ಕೂತ್ರೆ ಅದು ನಾಚ್ಕೊಂಡು ಬೆಳೆಯಲ್ಲ" ಎನ್ನುತ್ತಿದ್ದರು ಅತ್ತೆ. ನಿಜಕ್ಕೂ ಅದು ಬೆಳೆಯುತ್ತಿರಲಿಲ್ಲ. ಮೊದಲ ವರ್ಷ ಒಂದು ಗೇಣು. ಎರಡನೆಯ ವರ್ಷ ಮೊಣಕಾಲು. ಮೂರನೆಯ ವರ್ಷ ಹಠ ಬಂದಂತೆ ನಾಲ್ಕೂ ಕಡೆಗೆ ಹರಡಿ, ನನ್ನ ಗಂಡನ ಎರಡು ಪಂಚೆಗಳನ್ನು ಹರಿದು, ಗ್ಯಾಸ್ ಸಿಲಿಂಡರಿನವನ ಅಂಗಿಯ ತೋಳು ಹಿಡಿದೆಳೆದು, ಪಕ್ಕದ ಮನೆಯ ಬೆಕ್ಕು ನಮ್ಮ ಕಾಂಪೌಂಡಿನ ಮೇಲೆ ನಡೆಯುವುದನ್ನೇ ನಿಲ್ಲಿಸಿಬಿಟ್ಟಿತು. ಅತ್ತೆಗೆ ಆ ಬೆಕ್ಕಿನ ಮೇಲೆ ಹಳೆಯ ಸಿಟ್ಟಿತ್ತು. ಗಿಡದ ಮೇಲೆ ಅವರ ಪ್ರೀತಿ ಹೆಚ್ಚಾದದ್ದು ಆಗಲೇ.

ನಾಲ್ಕನೆಯ ವರ್ಷದ ಏಪ್ರಿಲ್ಲಿನ ಒಂದು ಸಂಜೆ ಗೇಟು ತೆಗೆದೆ. ಏನೋ ಘಮ. ಯಾರೋ ನೆಂಟರು ಸೆಂಟು ಹಾಕಿಕೊಂಡು ಬಂದಿದ್ದಾರೆ ಅಂದುಕೊಂಡು ಒಳಗೆ ಹೋಗಿ ಹುಡುಕಿದೆ. ನಡುಮನೆಯಲ್ಲಿ ಅತ್ತೆ ಒಬ್ಬರೇ ಕೂತಿದ್ದರು. "ಒಳಗೇನ್ ಹುಡುಕ್ತೀಯ, ಹೊರಗೆ ಹೋಗಿ ನೋಡು" ಎಂದರು. ಗಿಡದ ತುಂಬ ಬಿಳಿ ಹೂ. ಅಷ್ಟು ಹೂವಿನಲ್ಲಿ ಆ ಸಲ ಹಣ್ಣಾದದ್ದು ಏಳು. ನಾಲ್ಕನ್ನು ಪಿಕಳಾರ ಹಕ್ಕಿ ತಿಂದಿತು. ಉಳಿದ ಮೂರನ್ನು ನಾವು ಮೂವರು ಹಂಚಿಕೊಂಡೆವು. ನನ್ನ ಗಂಡ ಬಾಯಿಗೆ ಹಾಕಿಕೊಂಡು, "ಸ್ವಲ್ಪ ಹುಳಿ ಅಲ್ವಾ" ಎಂದದ್ದಕ್ಕೆ ಅತ್ತೆ ಸೊಸೆ ಇಬ್ಬರೂ ಒಟ್ಟಿಗೇ ತಿರುಗಿ ನೋಡಿದೆವು. ಅವರು ಅಂಗಡಿಯಲ್ಲಿ ಕೆಲಸವಿದೆ ಎಂದು ಹೊರಟುಹೋದರು.

ಮುಂದಿನ ವರ್ಷ ಬೆಳೆ ಚೆನ್ನಾಗಿ ಬಂತು. ಕಾಯಿಯಲ್ಲಿ ಉಪ್ಪಿನಕಾಯಿ ಹಾಕಿದೆವು, ಹಣ್ಣು ತಿಂದೆವು, ಬೀಜದಿಂದ ಅತ್ತೆ ಮತ್ತೆ ಸಸಿ ಮಾಡಿದರು. ಹಣ್ಣು ತಿನ್ನುವಾಗಲೆಲ್ಲ ಅವರ ಊರಿನ ಹಿಂದಿನ ಬೆಟ್ಟದ ಮಾತು ಬರುತ್ತಿತ್ತು. ಕಲಿವಿ ಎಂದರೆ ಆ ಬೆಟ್ಟದ್ದು, ಈಗ ಅಲ್ಲಿ ಏನೂ ಉಳಿದಿಲ್ಲವಂತೆ, ಎಲ್ಲ ಹೋಯಿತಂತೆ. ಹೇಳಿದವರು ಅವರ ಅಣ್ಣ. ಆ ಅಣ್ಣನಿಗೆ ಮಂಡಿನೋವು, ಬೆಟ್ಟದ ಕಡೆ ತಲೆ ಹಾಕಿ ಎಷ್ಟೋ ವರ್ಷವಾಗಿತ್ತು. ಅತ್ತೆ ಅಲ್ಲಿಗೆ ಹೋಗಿ ಮೂವತ್ತು ವರ್ಷವಾಗಿತ್ತು.

ಈ ವರ್ಷ ಜೂನಿನಲ್ಲಿ ಅತ್ತೆ ಇದ್ದಕ್ಕಿದ್ದಂತೆ, "ಎರಡು ಸಸಿ ತಗೊಂಡೋಗಿ ಆ ಬೆಟ್ಟದಾಗೆ ಹಾಕಿ ಬರಣ" ಎಂದರು. "ತಳಿ ಪೂರ್ತಿ ಹೋಗ್ಬಾರ್ದಲ್ಲ" ಎಂದೂ ಸೇರಿಸಿದರು. ಕನಕಾಂಬರದ ಋಣ ನನ್ನ ಮೇಲಿತ್ತು. ಒಂದು ದಿನ ರಜೆ ಹಾಕಿದೆ. ವೈರು ಬುಟ್ಟಿಯಲ್ಲಿ ಎರಡು ಸಸಿ ಇಟ್ಟುಕೊಂಡು, ಗೌರಿಬಿದನೂರಿನಲ್ಲಿ ಬಸ್ಸು ಬದಲಿಸಿ, ಎರಡೂ ಬಸ್ಸಿನಲ್ಲಿ ಅವನ್ನು ಹಸುಗೂಸಿನ ಹಾಗೆ ತೊಡೆಯ ಮೇಲೆ ಕೂರಿಸಿಕೊಂಡು ನಗರಗೆರೆಗೆ ಹೋದೆವು. ಅಲ್ಲಿಂದ ಆಟೋ. ಆಟೋ ಹೋಗದ ಕಡೆಯಿಂದ ನಡಿಗೆ. ಅತ್ತೆ ಛತ್ರಿಯನ್ನು ಊರುಗೋಲು ಮಾಡಿಕೊಂಡು ಮುಂದೆ, ನಾನು ಬುಟ್ಟಿ, ಕುಡಿಯುವ ನೀರಿನ ಬಾಟ್ಲು, ಸಣ್ಣ ಗುದ್ದಲಿ ಹಿಡಿದು ಹಿಂದೆ.

ಕೆಳಗೆಲ್ಲ ನೀಲಗಿರಿ ತೋಪು. ಅತ್ತೆಯ ಮುಖ ಗಂಟಾಯಿತು. "ಹೇಳ್ಲಿಲ್ವಾ, ಎಲ್ಲ ಹೋಯ್ತು" ಎಂದರು. ತೋಪು ದಾಟಿ, ಒಂದು ದೊಡ್ಡ ಬಂಡೆಯನ್ನು ಬಳಸಿ ಆಚೆಗೆ ತಿರುಗಿದೆವು. ಅತ್ತೆ ನಿಂತುಬಿಟ್ಟರು.

ಇಳಿಜಾರು ಪೂರ್ತಿ ಕವಳೆ. ಆಳೆತ್ತರದ ಪೊದೆಗಳು. ಟೊಂಗೆ ಬಾಗುವಷ್ಟು ಹಣ್ಣು. ಎಷ್ಟು ದಿನದಿಂದ ಯಾರೂ ಕಿತ್ತಿರಲಿಲ್ಲವೋ, ಬಂಡೆಯ ಮೇಲೆಲ್ಲ ಉದುರಿ ನೇರಳೆ ಬಣ್ಣ ಹಿಡಿದಿತ್ತು.

ಅತ್ತೆ ಆ ಬೆಟ್ಟವನ್ನು ನೋಡಿದರು. ನನ್ನ ಕೈಯ ಬುಟ್ಟಿಯನ್ನು ನೋಡಿದರು. ನಾನು ನಗಬಾರದೆಂದು ತುಟಿ ಕಚ್ಚಿಕೊಂಡೆ. ಮೊದಲು ನಕ್ಕವರು ಅವರೇ. ನಕ್ಕು ನಕ್ಕು ಕಣ್ಣೊರೆಸಿಕೊಂಡು ಬಂಡೆಯ ಮೇಲೆ ಕೂತರು. ಕಣ್ಣೊರೆಸುವುದು ನಗು ನಿಂತ ಮೇಲೂ ಸ್ವಲ್ಪ ಹೊತ್ತು ನಡೆದಿತ್ತು.

"ಇವನ್ನ ಏನ್ ಮಾಡಣ ಅತ್ತೆ? ವಾಪಸ್ ತಗೊಂಡೋಗಣಾ?"

"ಬಂದಿದ್ದಕ್ಕೆ ಹಾಕೇ ಹೋಗಣ" ಎಂದರು.

ನಾನು ಗುಂಡಿ ತೋಡಿದೆ. ಅತ್ತೆ ಪ್ಯಾಕೆಟ್ಟು ಹರಿದು, ಬೇರಿನ ಮಣ್ಣು ಅಲುಗದಂತೆ ಸಸಿ ಇಳಿಸಿದರು. ಕುಡಿಯಲು ತಂದ ನೀರನ್ನೆಲ್ಲ ಹನಿ ಬಿಡದೆ ಅವುಗಳ ಬುಡಕ್ಕೆ ಸುರಿದರು. ಅಷ್ಟರಲ್ಲಿ ಮೇಲಿನಿಂದ ಮೇಕೆಗಳು ಇಳಿದು ಬಂದವು, ಹಿಂದೆ ಅವನ್ನು ಮೇಯಿಸುವ ಒಬ್ಬಾಕೆ. ಸೊಂಟದ ಮೇಲೆ ಕೈಯಿಟ್ಟು ನಮ್ಮ ಕೆಲಸ ನೋಡಿದಳು.

"ಅದೇನಮ್ಮ ಹಾಕ್ತಿದ್ದೀರ?"

"ಕಲಿವಿ" ಎಂದರು ಅತ್ತೆ.

ಆಕೆ ಸುತ್ತಲೂ ಒಮ್ಮೆ ನೋಡಿದಳು. "ಇಲ್ಲಿ ಇಲ್ಲ ಅಂತಾನಾ?"

"ಇದು ಬೇರೆ. ಪೇಟೇಲಿ ಹುಟ್ಟಿದ್ದು" ಎಂದರು ಅತ್ತೆ, ಕಣ್ಣು ರೆಪ್ಪೆ ಅಲುಗಿಸದೆ.

ಆಕೆಗೂ ನಗು ಬಂತು. ಆದರೂ ಒಳ್ಳೆಯ ಹೆಂಗಸು, ಮೇಕೆಗಳನ್ನು ಅತ್ತ ಅಟ್ಟಿ, ನಾಲ್ಕು ಕಲ್ಲು ಹೊತ್ತು ತಂದು ಸಸಿಗಳ ಸುತ್ತ ಜೋಡಿಸಿಕೊಟ್ಟಳು. ಆಮೇಲೆ ಗುದ್ದಲಿ ಹಿಡಿದು ಕೂತಿದ್ದ ನನ್ನ ಕಡೆ ಗಲ್ಲ ಎತ್ತಿ, "ಈಯಮ್ಮ ಯಾರು?" ಎಂದಳು.

"ನಮ್ ಸೊಸೆ" ಎಂದರು ಅತ್ತೆ. "ಗಿಡಗಳ ವಿಷ್ಯಾನೇ ಓದ್ಕೊಂಡಿರೋದು." ಮಣ್ಣಾದ ಕೈಯನ್ನು ಸೆರಗಿಗೆ ಒರೆಸಿಕೊಂಡು, ಆಕೆಗೆ ಮಾತ್ರ ಹೇಳುವವರಂತೆ, ಆದರೆ ನನಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದರು. "ಓದಿದ್ರೂ ಪರವಾಗಿಲ್ಲ, ಕೈಗುಣ ಚೆನ್ನಾಗೈತೆ."

ನಾನು ಕೇಳಿಸದವಳ ಹಾಗೆ ಬಗ್ಗಿ, ಸಸಿಯ ಬುಡದ ಮಣ್ಣನ್ನು ಇನ್ನೊಮ್ಮೆ ಒತ್ತಿದೆ. ಒತ್ತುವ ಅಗತ್ಯವೇನೂ ಇರಲಿಲ್ಲ.